ಹನ್ನೊಂದು ವರ್ಷಕ್ಕೆ ವಯಸ್ಸು ಮೀರುತ್ತದೆಯೆ?

ಮೈಸೂರಿನ ಓದುಗರೊಬ್ಬರು, ಒಬ್ಬ ತಾಯಿ, ಹೆಸರು ಪ್ರಕಟಿಸಬಾರದೆಂದು ಕೋರಿ ನಾಲ್ಕು ಪುಟಗಳ ಪತ್ರ ಬರೆದಿದ್ದಾರೆ. ಅವರ ಮಗಳು 6ನೇ ವಯಸ್ಸಿನಲ್ಲಿ ಜಿಮ್ನಾಸ್ಟಿಕ್ಸ್ ತರಗತಿಗೆ ಸೇರಿದಳು. 7ಕ್ಕೆ ಕಾರ್ಟ್‌ವೀಲ್ (ಕೈಯೂರಿ ಪಕ್ಕಕ್ಕೆ ಚಕ್ರದಂತೆ ಉರುಳುವುದು), 9ಕ್ಕೆ ಬ್ಯಾಕ್ ವಾಕೋವರ್ (ಹಿಂದಕ್ಕೆ ಬಾಗಿ ಕೈಯೂರಿ, ಒಂದೊಂದೇ ಕಾಲನ್ನು ಆಚೆ ದಾಟಿಸುವುದು) ಬಂತು. 10ಕ್ಕೆ ಯಾರೂ ಹಿಡಿಯದೆ ಬ್ಯಾಕ್ ಹ್ಯಾಂಡ್‌ಸ್ಪ್ರಿಂಗ್ (ಹಿಂದಕ್ಕೆ ನೆಗೆದು ಕೈಯೂರಿ ಮತ್ತೆ ಕಾಲ ಮೇಲೆ ಇಳಿಯುವುದು) ಹೊಡೆದಳು. ಈಗ 11 ತುಂಬಿದೆ. ಒಂದೇ ವರ್ಷದಲ್ಲಿ 7 ಸೆಂಟಿಮೀಟರ್ ಬೆಳೆದು 145ಕ್ಕೆ ಬಂದಿದ್ದಾಳೆ. ಕಲಿತಿದ್ದ ಹ್ಯಾಂಡ್‌ಸ್ಪ್ರಿಂಗ್ ಕೈಬಿಟ್ಟಿದೆ, ಸಮತೋಲನದ ಕಿರಿದಾದ ಅಡ್ಡಪಟ್ಟಿಯಾದ ಬೀಮ್ ಹತ್ತಿದರೆ ಹೆದರುತ್ತಾಳೆ, ತಡವಾಗಿ ಸೇರಿದ 8 ವರ್ಷದ ಹುಡುಗಿಯರು ಅವಳನ್ನು ದಾಟಿ ಹೋಗಿದ್ದಾರೆ. ‘ಈ ಆಟದಲ್ಲಿ 12ರೊಳಗೆ ಬಾರದ್ದು ಆಮೇಲೆ ಬರುವುದಿಲ್ಲ, ವಯಸ್ಸು ಮೀರುತ್ತಿದೆ’ ಎಂದು ತರಬೇತುದಾರರು ಹೇಳಿದರಂತೆ. ಬಿಡಿಸಿ ಟ್ಯೂಷನ್‌ಗೆ ಸೇರಿಸುವುದೇ ಸರಿಯೆ ಎಂಬುದು ತಾಯಿಯ ಪ್ರಶ್ನೆ.

ಸೋದರಿ, ತರಬೇತುದಾರರ ಮಾತಿನಲ್ಲಿ ಹುರುಳೇ ಇಲ್ಲವೆಂದು ನಾನು ಹೇಳುವುದಿಲ್ಲ. ಚಿಕ್ಕ ಮಕ್ಕಳ ಮೈ ಹಗುರ, ಕೀಲುಗಳು ಸಡಿಲ, ಬಿದ್ದರೂ ಬೀಳುವ ಎತ್ತರ ಕಡಿಮೆ, ಭಯವಂತೂ ಇಲ್ಲವೇ ಇಲ್ಲ. ಬೇಗ ಆರಂಭಿಸಿದವರಿಗೆ ಅನುಕೂಲವಿದೆ. ಆದರೆ ಬೇಗ ಆರಂಭಿಸುವುದು ಬೇರೆ, ಬೇಗ ಮುಗಿಸುವುದು ಬೇರೆ. ಇವೆರಡನ್ನೂ ಒಂದೇ ಎಂದು ತಿಳಿದಿರುವುದರಿಂದಲೇ ನಮ್ಮ ಎಷ್ಟೋ ಮಕ್ಕಳು ಆಟ ಬಿಟ್ಟು ಮನೆ ಸೇರುತ್ತಿದ್ದಾರೆ.

ಮಕ್ಕಳ ಮೈ ಈ ಆಟವನ್ನು ಹೇಗೆ ಕಲಿಯುತ್ತದೆ ಎಂಬುದನ್ನು ಸ್ವಲ್ಪ ನೋಡೋಣ. 3ರಿಂದ 5 ವರ್ಷದ ಮಗುವಿಗೆ ಉರುಳುವುದು, ನೇತಾಡುವುದು, ಎರಡೂ ಕಾಲಲ್ಲಿ ನೆಗೆದು ಇಳಿಯುವುದು, ಇವೇ ಪಾಠ. ಅದಕ್ಕೆ ಅದು ಪಾಠವೆಂದು ಗೊತ್ತಾಗಲೂ ಬಾರದು. 6ರಿಂದ 8ರೊಳಗೆ ಮೈಯನ್ನು ಬಿಗಿಯಾಗಿ ಹಿಡಿಯುವುದು, ಅಂಗೈ ಊರಿ ತಲೆಕೆಳಗಾಗಿ ನಿಲ್ಲುವುದು, ಸೇತುವೆಯಂತೆ ಬಾಗುವುದು ಬರುತ್ತದೆ. 8ರಿಂದ 11ರವರೆಗಿನದು ಸುಗ್ಗಿಯ ಕಾಲ: ತೋರಿಸಿದ್ದನ್ನು ಕಣ್ಣು ನೋಡುತ್ತದೆ, ಮೈ ಮಾಡುತ್ತದೆ. ನಿಮ್ಮ ಮಗಳನ್ನು ದಾಟಿ ಹೋದ ಹುಡುಗಿಯರು ಈಗ ಇರುವುದು ಆ ಸುಗ್ಗಿಯಲ್ಲಿ. ನಿಮ್ಮ ಮಗಳು ಅದನ್ನು ಮುಗಿಸಿ ಮುಂದಿನ ಘಟ್ಟಕ್ಕೆ ಕಾಲಿಟ್ಟಿದ್ದಾಳೆ. ಹೆಣ್ಣುಮಕ್ಕಳಲ್ಲಿ ಸಾಮಾನ್ಯವಾಗಿ 11, 12ರ ಸುಮಾರಿಗೆ, ಗಂಡುಮಕ್ಕಳಲ್ಲಿ ಅದಕ್ಕಿಂತ ಸುಮಾರು ಎರಡು ವರ್ಷ ತಡವಾಗಿ ಎತ್ತರ ಒಮ್ಮೆಲೇ ಏರುತ್ತದೆ. ಮೂಳೆ ಉದ್ದವಾದಷ್ಟು ಬೇಗ ಸ್ನಾಯು ಬಲಿಯುವುದಿಲ್ಲ. ಆದ್ದರಿಂದ ಮೈ ಬಿಗಿಯುತ್ತದೆ, ತೂಕದ ಕೇಂದ್ರ ಸರಿಯುತ್ತದೆ, ಹಳೆಯ ಅಂದಾಜು ತಪ್ಪುತ್ತದೆ. ಬಿದ್ದರೆ ಏನಾಗುತ್ತದೆ ಎಂದು ಯೋಚಿಸುವ ಬುದ್ಧಿಯೂ ಇದೇ ಹೊತ್ತಿಗೆ ಬರುತ್ತದೆ. ಬೀಮ್‌ನ ಅಗಲ ಕೇವಲ 10 ಸೆಂಟಿಮೀಟರ್, ನೆಲದಿಂದ ಎತ್ತರ 125 ಸೆಂಟಿಮೀಟರ್. ಅದರ ಮೇಲೆ ನಿಂತು ಹೆದರುವ 11 ವರ್ಷದ ಹುಡುಗಿಯನ್ನು ಹಿಂದುಳಿದವಳು ಎನ್ನಲು ನನಗೆ ಬಾಯಿ ಬರುವುದಿಲ್ಲ.

ಇದರಲ್ಲಿ ಲೆಕ್ಕವೂ ಇದೆ. ಅಂಗಾಂಗಗಳ ಪ್ರಮಾಣ ಅದೇ ಇದ್ದು ಎತ್ತರ ಶೇ. 5ರಷ್ಟು ಹೆಚ್ಚಿತೆಂದು ಇಟ್ಟುಕೊಳ್ಳಿ. ನಿಮ್ಮ ಮಗಳು 138ರಿಂದ 145ಕ್ಕೆ ಬಂದಿರುವುದು ಹೆಚ್ಚುಕಡಿಮೆ ಅಷ್ಟೇ. ಗಾಳಿಯಲ್ಲಿ ತಿರುಗುವುದಕ್ಕೆ ಮೈ ಒಡ್ಡುವ ಜಡತ್ವ ಆಗ ಶೇ. 25ಕ್ಕಿಂತ ಹೆಚ್ಚಾಗುತ್ತದೆ, ಸ್ನಾಯುವಿನ ಬಲ ಹೆಚ್ಚುವುದು ಶೇ. 10ರ ಆಸುಪಾಸಿನಲ್ಲಿ. ಹೋದ ವರ್ಷದ ನೆಗೆತದಲ್ಲಿ ಈ ವರ್ಷದ ಮೈ ಪೂರ್ತಿ ಸುತ್ತದಿರುವುದಕ್ಕೆ ಸೋಮಾರಿತನ ಕಾರಣವಲ್ಲ. ಒಂದೆರಡು ವರ್ಷ ಕಾದರೆ, ಅಷ್ಟರಲ್ಲಿ ಕಾಲು, ಹೊಟ್ಟೆ, ಭುಜಗಳನ್ನು ತಾಳ್ಮೆಯಿಂದ ಬಲಪಡಿಸಿದರೆ, ಕಳೆದುಹೋದದ್ದು ಬಹುಮಟ್ಟಿಗೆ ಮರಳಿ ಬರುತ್ತದೆ.

ಹನ್ನೆರಡರ ಗಡಿ ಎಲ್ಲಿಂದ ಬಂತು ಎಂದು ನಾನು ಹಲವು ಸಲ ಯೋಚಿಸಿದ್ದೇನೆ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ರೊಮೇನಿಯಾದ 14 ವರ್ಷದ ನಾದಿಯಾ ಕೊಮನೆಚ್ ಪೂರ್ತಿ 10 ಅಂಕ ಪಡೆದಳು. ಅಂಕಫಲಕಕ್ಕೆ ಆ ಸಂಖ್ಯೆ ತೋರಿಸಲು ಬಾರದೆ 1.00 ಎಂದು ತೋರಿಸಿತು. ಅಂದಿನಿಂದ ಜಗತ್ತು ಈ ಆಟವನ್ನು ಪುಟ್ಟ ಹುಡುಗಿಯರದು ಎಂದು ನಂಬಿತು. ಅದಕ್ಕೆ ಇಪ್ಪತ್ತು ವರ್ಷ ಮೊದಲು, 1956ರ ಮೆಲ್ಬರ್ನ್‌ನಲ್ಲಿ, ಹಂಗೇರಿಯ ಆಗ್ನೆಸ್ ಕೆಲೆಟಿ ನಾಲ್ಕು ಚಿನ್ನ ಗೆದ್ದಾಗ ಅವರಿಗೆ 35 ವರ್ಷ. ಯುದ್ಧದಿಂದಾಗಿ 1940 ಮತ್ತು 1944ರ ಒಲಿಂಪಿಕ್ಸ್‌ಗಳು ನಡೆಯಲಿಲ್ಲ, ಯಹೂದಿಯಾಗಿದ್ದ ಅವರು ಸುಳ್ಳು ದಾಖಲೆ ಹಿಡಿದು ಜೀವ ಉಳಿಸಿಕೊಳ್ಳಬೇಕಾಯಿತು; ಮೊದಲ ಒಲಿಂಪಿಕ್ಸ್ ಕಂಡದ್ದೇ 31ರಲ್ಲಿ. ಒಲಿಂಪಿಕ್ಸ್‌ಗೆ 16 ವರ್ಷದ ಕನಿಷ್ಠ ಮಿತಿ ಬಂದದ್ದು 1997ರಲ್ಲಿ. ಮಿತಿ ಬಂದ ಮೇಲೂ 2000ದ ಸಿಡ್ನಿಯಲ್ಲಿ ಚೀನಾ 14 ವರ್ಷದ ಹುಡುಗಿಯನ್ನು ಕಣಕ್ಕಿಳಿಸಿತ್ತು ಎಂಬುದು ಬಯಲಾಗಿ, 2010ರಲ್ಲಿ ಆ ತಂಡದ ಕಂಚಿನ ಪದಕವನ್ನು ಹಿಂದಕ್ಕೆ ಪಡೆಯಲಾಯಿತು. ಒಂದು ಮಗುವಿನ ಎರಡು ವರ್ಷವನ್ನೇ ಕದ್ದವರ ಬಗ್ಗೆ ಆಗ ಬಂದ ಕೋಪ ನನಗೆ ಇನ್ನೂ ಇಳಿದಿಲ್ಲ.

ನಮ್ಮವರನ್ನೇ ನೋಡಿ. ಅಗರ್ತಲಾದ ದೀಪಾ ಕರ್ಮಾಕರ್ ಕೂಡ ನಿಮ್ಮ ಮಗಳಂತೆ 6ನೇ ವಯಸ್ಸಿಗೆ ಆರಂಭಿಸಿದವರು. ಅಂಗಾಲು ಚಪ್ಪಟೆಯಾಗಿತ್ತು, ಈ ಆಟಕ್ಕೆ ಅದು ದೊಡ್ಡ ತೊಡಕು. ಗುರು ಬಿಶ್ವೇಶ್ವರ ನಂದಿ ವರ್ಷಗಟ್ಟಲೆ ಅದನ್ನು ತಿದ್ದಿದರು. ರಿಯೊ ಒಲಿಂಪಿಕ್ಸ್‌ನಲ್ಲಿ, 23ನೇ ವಯಸ್ಸಿಗೆ, ಓಡಿ ಬಂದು ಮೇಜಿನ ಮೇಲೆ ಕೈಯೂರಿ ನೆಗೆಯುವ ವಾಲ್ಟ್‌ನಲ್ಲಿ ನಾಲ್ಕನೇ ಸ್ಥಾನ. ಏಷ್ಯನ್ ಚಾಂಪಿಯನ್‌ಷಿಪ್‌ನ ಚಿನ್ನ 2024ರಲ್ಲಿ, 30ರ ವಯಸ್ಸಿನಲ್ಲಿ. ಉಜ್ಬೇಕಿಸ್ತಾನದ ಒಕ್ಸಾನಾ ಚುಸೊವಿಟಿನಾ ಮಗನ ರಕ್ತದ ಕ್ಯಾನ್ಸರ್ ಚಿಕಿತ್ಸೆಗೆಂದು ಜರ್ಮನಿಗೆ ಹೋಗಿ, ಆ ದೇಶದ ಪರವಾಗಿ ಬೀಜಿಂಗ್‌ನಲ್ಲಿ 33ಕ್ಕೆ ಬೆಳ್ಳಿ ಗೆದ್ದರು, ಟೋಕಿಯೊದಲ್ಲಿ 46ಕ್ಕೆ ತಮ್ಮ ಎಂಟನೇ ಒಲಿಂಪಿಕ್ಸ್ ಆಡಿದರು. ಪ್ಯಾರಿಸ್‌ನಲ್ಲಿ ತಂಡದ ಚಿನ್ನ ಗೆದ್ದ ಅಮೆರಿಕದ ಐವರಲ್ಲಿ ನಾಲ್ವರು 20 ದಾಟಿದವರು, ಸಿಮೋನ್ ಬೈಲ್ಸ್‌ಗೆ 27. ಎಲ್ಲ ಮಕ್ಕಳೂ ಅಲ್ಲಿಗೆ ಹೋಗಬೇಕೆಂದು ನಾನು ಹೇಳುತ್ತಿಲ್ಲ. 12ಕ್ಕೆ ಬಾಗಿಲು ಮುಚ್ಚುತ್ತದೆ ಎನ್ನುವವರು ಇವರನ್ನೆಲ್ಲ ಯಾವ ಲೆಕ್ಕಕ್ಕೆ ಸೇರಿಸುತ್ತಾರೆ ಎಂದು ಕೇಳುತ್ತಿದ್ದೇನೆ.

ನನ್ನ ಅಕ್ಕನ ಮಗಳಿಗೂ 12ರಲ್ಲಿ ‘ಉದ್ದ ಆದೆ, ಇನ್ನು ಸಾಕು’ ಎಂದು ಹೇಳಿ ಕಳುಹಿಸಿದ್ದರು. ಆ ಸಂಜೆ ಅವಳು ತನ್ನ ಅಭ್ಯಾಸದ ಬಟ್ಟೆಯನ್ನು ಮಡಿಸಿ ಬೀರುವಿನ ತಳದಲ್ಲಿಟ್ಟದ್ದನ್ನು ನಾನು ಕಂಡಿದ್ದೇನೆ. ಏಳು ವರ್ಷದ ಮೇಲೆ ಕಾಲೇಜಿನಲ್ಲಿ ಯಾರೋ ಕರೆದರೆಂದು ಮತ್ತೆ ಮ್ಯಾಟ್ ಹತ್ತಿದಳು. ನಾಲ್ಕು ತಿಂಗಳಲ್ಲಿ ಹಳೆಯದೆಲ್ಲ ಬಂತು, 12ರಲ್ಲಿ ಬಾರದಿದ್ದದ್ದೂ ಬಂತು. ನಡುವಿನ ಏಳು ವರ್ಷವನ್ನು ಅವಳಿಗೆ ಹಿಂದಿರುಗಿಸುವವರು ಯಾರು? ಶಿವಮೊಗ್ಗ ಜಿಲ್ಲೆಯ ಹಳ್ಳಿಶಾಲೆಯಲ್ಲಿ ನಮಗಿದ್ದ ಪಿ.ಟಿ. ಮೇಷ್ಟ್ರು ಲಾಗ ಹಾಕಲು ಹಾತೊರೆಯುತ್ತಿದ್ದ ಹುಡುಗರಿಗೆ ಇಡೀ ಮಳೆಗಾಲ ಮರಳಿನ ಗುಂಡಿಯಲ್ಲಿ ಬೀಳುವುದನ್ನಷ್ಟೇ ಕಲಿಸಿದರು. ಯಾರ ವಯಸ್ಸನ್ನೂ ಕೇಳಲಿಲ್ಲ, ಯಾರ ಕೈಯೂ ಮುರಿಯಲಿಲ್ಲ.

ಇಂದು ಆ ಮರಳಿನ ಗುಂಡಿ ಎಷ್ಟು ಶಾಲೆಗಳಲ್ಲಿ ಉಳಿದಿದೆ? ಆಟದ ಮೈದಾನಗಳಲ್ಲಿ ಶಾಲಾ ಬಸ್ಸುಗಳು ನಿಂತಿವೆ, ಪಿ.ಟಿ. ಅವಧಿ ಗಣಿತದ ಪಾಲಾಗಿದೆ. ಉಳಿದ ಒಂದು ಗಂಟೆಯ ಸಂಜೆಯ ತರಗತಿಯಲ್ಲೂ ತಂದೆತಾಯಂದಿರು ಮೊಬೈಲ್ ಹಿಡಿದು ನಿಂತು, ಯಾರ ಮಗು ಯಾವ ವಯಸ್ಸಿಗೆ ಏನು ಮಾಡಿತು ಎಂದು ತೂಗುತ್ತಾರೆ. ಪತ್ರದಲ್ಲಿ ನೀವೂ ‘ಪಕ್ಕದ ಮಗುವಿನ ವಿಡಿಯೊ ತೋರಿಸಿದೆ, ನಾಚಿಕೆಯಾದರೂ ಆಗಲಿ ಎಂದು’ ಎಂದು ಬರೆದಿದ್ದೀರಿ. ಬೇಸರ ಮಾಡಿಕೊಳ್ಳಬೇಡಿ, ಅದನ್ನು ನೀವು ಮಾಡಬಾರದಿತ್ತು. 8 ವರ್ಷದವಳ ಮೈಯನ್ನು 11 ವರ್ಷದವಳಿಗೆ ತೋರಿಸಿದರೆ, ಅವಳು ತಾನು ಬೆಳೆದದ್ದೇ ತಪ್ಪೆಂದು ತಿಳಿಯುತ್ತಾಳೆ.

ಇನ್ನೊಂದು ವಿಷಯ. ಮೂರನೇ ಪುಟದಲ್ಲಿ ಅರ್ಧ ಸಾಲು ಬರೆದು ಮುಂದೆ ಹೋಗಿದ್ದೀರಿ: ‘ರಾತ್ರಿ ಮಣಿಕಟ್ಟು ನೋವು ಎನ್ನುತ್ತಾಳೆ, ನೆಪ ಇರಬಹುದು.’ ಇಡೀ ಪತ್ರದಲ್ಲಿ ನನಗೆ ಕಳವಳ ತಂದದ್ದು ಇದೊಂದೇ. ಬೆಳೆಯುವ ಮಕ್ಕಳ ಮೂಳೆಯ ತುದಿಯಲ್ಲಿ ಮೃದುವಾದ ಬೆಳವಣಿಗೆಯ ಪದರವೊಂದು ಇರುತ್ತದೆ. ಕೈಯೂರಿ ಮಾಡುವ ಪ್ರತಿಯೊಂದು ವರಸೆಯಲ್ಲೂ ಮಣಿಕಟ್ಟಿನ ಆ ಪದರದ ಮೇಲೆ ಮೈಭಾರವೆಲ್ಲ ಬೀಳುತ್ತದೆ, ಎತ್ತರ ಏರುವ ಕಾಲದಲ್ಲಿ ಅದು ಬೇಗ ಪೆಟ್ಟಾಗುತ್ತದೆ. ಹ್ಯಾಂಡ್‌ಸ್ಪ್ರಿಂಗ್‌ಗೆ ಅವಳು ಹಿಂಜರಿಯಲು ಈ ನೋವೇ ಕಾರಣವಿರಬಹುದು. ಟ್ಯೂಷನ್ನಿನ ಯೋಚನೆಯನ್ನು ಸದ್ಯಕ್ಕೆ ಬದಿಗಿಟ್ಟು ಈ ವಾರವೇ ಮೂಳೆ ವೈದ್ಯರಿಗೆ ತೋರಿಸಿ. ಅವರು ಆಗಬಹುದು ಎನ್ನುವವರೆಗೆ ಅವಳು ಕೈಯೂರುವುದು ಬೇಡ. ಕಾಲಿನ ನೆಗೆತ, ಹೊಟ್ಟೆಯ ಬಿಗಿ, ನೆಲದ ಮೇಲೆ ಗೆರೆ ಎಳೆದು ಅದರ ಮೇಲೆ ಸಮತೋಲನದ ಅಭ್ಯಾಸ ನಡೆಯಲಿ. ವೈದ್ಯರು ಏನು ಹೇಳಿದರೆಂದು ನನಗೆ ಬರೆಯಿರಿ. ಅವಳೂ ಎರಡು ಸಾಲು ಬರೆದರೆ ಅದಕ್ಕೆ ಬೇರೆಯಾಗಿ ಉತ್ತರಿಸುತ್ತೇನೆ.