ಮನಸ್ಸಿನ ಮಾತಿಗೆ ಉದ್ಧರಣ ಚಿಹ್ನೆ ಬೇಕೆ?

ಪ್ರಶ್ನೆ: ನಮ್ಮ ಕಾಫಿ ತೋಟದ ನೆನಪುಗಳನ್ನು ಬರೆಯುತ್ತಿದ್ದೇನೆ. ಆಗ ನನ್ನೊಳಗೇ ಅಂದುಕೊಂಡದ್ದನ್ನೂ ಜೋಡಿ ಉದ್ಧರಣ ಚಿಹ್ನೆಯೊಳಗೆ ಇಡಬೇಕೆ?
– ಓದುಗರೊಬ್ಬರು, ಸಕಲೇಶಪುರ

ಉತ್ತರ: ಬೇಡ. ಜೋಡಿ ಚಿಹ್ನೆ ಕಂಡ ಕೂಡಲೇ ಯಾರೋ ಬಾಯಿಬಿಟ್ಟು ಮಾತಾಡಿದರು ಎಂದುಕೊಳ್ಳುತ್ತಾರೆ ಓದುವವರು. ನೀವು ಕಳಿಸಿದ ಸಾಲನ್ನೇ ನೋಡಿ:

ಅಪ್ಪ ಮೋಡ ನೋಡುತ್ತ ನಿಂತಿದ್ದರು. “ಈ ಸಲವೂ ಹೂಮಳೆ ಕೈಕೊಟ್ಟರೆ ಸಾಲ ತೀರಿಸುವುದು ಹೇಗೆ?”

ಇದು ಅಪ್ಪ ಆಡಿದ್ದೋ, ನೀವು ಅಂದುಕೊಂಡದ್ದೋ? ತಿಳಿಯುವುದೇ ಇಲ್ಲ. ಕಾಫಿ ಗಿಡ ಹೂಬಿಡಲು ಬೇಕಾದ ಮಾರ್ಚ್–ಏಪ್ರಿಲ್‌ನ ಆ ಮಳೆಗಾಗಿ ಇಡೀ ಮನೆ ಕಾಯುವ ಹೊತ್ತಿನಲ್ಲಿ ಒಬ್ಬ ಹುಡುಗ ಒಳಗೇ ಹೆದರಿಕೊಂಡದ್ದು ನಿಮ್ಮ ಬರಹದ ಜೀವ. ಅದು ಅಪ್ಪನ ಪಾಲಾಗಬಾರದು. ‘ಈ ಸಲವೂ ಹೂಮಳೆ ಕೈಕೊಟ್ಟರೆ ಸಾಲ ತೀರಿಸುವುದು ಹೇಗೆ ಅಂತ ನನಗೆ ದಿಗಿಲು’ ಎಂದು ಬರೆಯಿರಿ, ನಿಮ್ಮ ಪುಟದಲ್ಲಿ ಯಾವ ಚಿಹ್ನೆಯೂ ಬೇಕಾಗುವುದಿಲ್ಲ.

ಯೋಚನೆ ಥಟ್ಟನೆ ನುಗ್ಗಿದಾಗ ಮಾತ್ರ ಒಂಟಿ ಚಿಹ್ನೆ ಸಾಕು: ‘ಅಯ್ಯೋ, ಕಣಕ್ಕೆ ಟಾರ್ಪಾಲು ಹೊದೆಸಿಲ್ಲ!’ ಹಿಡಿದ ಕ್ರಮವನ್ನು ಕೊನೆಯ ಪುಟದವರೆಗೂ ಬಿಡಬೇಡಿ.

ಓರೆ ಅಕ್ಷರ ಬೇಡವೇ ಬೇಡ. ನಮ್ಮ ದುಂಡನೆಯ ಅಕ್ಷರಗಳೂ ಒತ್ತುಗಳೂ ವಾಲಿಕೊಂಡರೆ ಓದುವುದು ಕಷ್ಟ.

ಅಪ್ಪನ ಭಾಗ ಪೂರ್ತಿ ಬರೆದು ಕಳಿಸಿ, ಕಾಯುತ್ತಿರುತ್ತೇನೆ.