ಅವ್ವನ ಕೈ ಮೇಲಿನ ಗೆರೆ

ಪ್ರಶ್ನೆ: ಅಕ್ಕ, ಲಕ್ವ ಹೊಡೆದು ನಮ್ಮ ಅವ್ವನ ಬಲಗೈ, ಬಲಗಾಲು ಬಿದ್ದುಹೋಗಿವೆ. ಬಳ್ಳಾರಿಯ ಒಂದು ಆರೈಕೆ ಕೇಂದ್ರದಲ್ಲಿ ಇಟ್ಟಿದ್ದೇವೆ. ಭಾನುವಾರ ಮಾತ್ರ ಭೇಟಿ. ಈಚೆಗೆ ತುಂಬಾ ಸೊರಗಿದ್ದಾಳೆ. ಎರಡೂ ಮಣಿಕಟ್ಟಿನ ಸುತ್ತ ಕೆಂಪು ಗೆರೆ ಇದೆ. ಕೇಳಿದರೆ ‘ಬಳೆ ಒತ್ತಿದೆ’ ಅಂತಾರೆ. ಆಯಾ ಒಳಗೆ ಬಂದರೆ ಸಾಕು, ಅವ್ವ ಮಾತು ನಿಲ್ಲಿಸುತ್ತಾಳೆ. ದೂರು ಕೊಟ್ಟರೆ ಅವಳ ಮೇಲೇ ಸಿಟ್ಟು ತೀರಿಸಿಕೊಳ್ತಾರೆ, ಸುಮ್ನಿರು ಅಂತಾನೆ ಅಣ್ಣ. ನನ್ನದು ಬರೀ ಅನುಮಾನವಾ?
– ಓದುಗರೊಬ್ಬರು, ಸಿರುಗುಪ್ಪ

ಉತ್ತರ: ತಂಗಿ, ನಿನ್ನ ಅನುಮಾನಕ್ಕೆ ಕಾರಣ ಇದೆ. ಬಲಗೈ ಎತ್ತಲೂ ಆಗದವಳಿಗೆ ಆ ಕೈಗೂ ಎಡಗೈಯಂಥದೇ ಗೆರೆ ಯಾಕೆ ಬಿತ್ತು? ಬಟ್ಟೆಪಟ್ಟಿಯಿಂದ ಮಂಚಕ್ಕೆ ಕಟ್ಟಿದರೆ ಹೀಗೆ ಸುತ್ತಲೂ ಗುರುತು ಬೀಳುತ್ತದೆ. ನಾನು ನರ್ಸ್ ಆಗಿ ದುಡಿದವಳು. ಮೂಗಿನ ನಳಿಕೆ ಕಿತ್ತುಕೊಳ್ಳುವವರ ಕೈ ಕಟ್ಟುವುದುಂಟು. ಅದಕ್ಕೆ ಡಾಕ್ಟರ್ ಬರೆದುಕೊಡಬೇಕು, ಆಗಾಗ ಬಿಚ್ಚಿ ನೋಡಬೇಕು, ಮನೆಯವರಿಗೆ ಹೇಳಬೇಕು. ಬಳೆಯ ಕಥೆ ಕಟ್ಟುವ ಅಗತ್ಯ ಇರುವುದಿಲ್ಲ.

ಭಾನುವಾರದವರೆಗೆ ಕಾಯಬೇಡ. ಹೇಳದೆ ಹೋಗು, ಊಟದ ಹೊತ್ತಿಗೇ ಹೋಗು. ಮುಖ ಮಾತ್ರ ನೋಡಿ ಬರಬೇಡ, ಬೆನ್ನು ನೋಡು. ಸೀರೆ ಬದಲಿಸ್ತೀನಿ ಅಂತ ಬಾಗಿಲು ಹಾಕಿಕೊಂಡು ಅವಳನ್ನು ಮಗ್ಗುಲಿಗೆ ತಿರುಗಿಸು. ಬೆನ್ನಿನ ಕೆಳತುದಿ, ಸೊಂಟದ ಬದಿ, ಹಿಮ್ಮಡಿ, ಈ ಮೂರು ಕಡೆ ಚೆನ್ನಾಗಿ ನೋಡು. ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿ ಬಿಡು. ಬಣ್ಣ ಮಾಸದೆ ಹಾಗೇ ಉಳಿದರೆ ಹಾಸಿಗೆ ಹುಣ್ಣು ಶುರುವಾಗಿದೆ ಅಂತ. ಕಪ್ಪು ಮೈಯಲ್ಲಿ ಕೆಂಪು ಕಾಣದಿರಬಹುದು. ಸುತ್ತಲಿಗಿಂತ ಕಪ್ಪಾಗಿ, ಬಿಸಿಯಾಗಿ, ಗಟ್ಟಿಯಾಗಿದೆಯಾ ಮುಟ್ಟಿ ನೋಡು. ತಾವಾಗಿ ಹೊರಳಲು ಆಗದವರನ್ನು ಸಾಮಾನ್ಯವಾಗಿ 2 ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸುತ್ತೇವೆ. ಹುಣ್ಣು ಆಳವಾಗಿ ನಾತ ಬರುತ್ತಿದ್ದರೆ ಹಲವು ದಿನ ಯಾರೂ ನೋಡಿಲ್ಲ ಅಂತಲೇ ತಿಳಿ.

ನಾಲಿಗೆ ಒಣಗಿದೆಯಾ, ಮೂತ್ರ ಗಾಢ ಹಳದಿಯಾ, ಅದನ್ನೂ ನೋಡು. ಡೈಪರ್ ಬದಲಿಸುವ ಕೆಲಸ ತಪ್ಪಲಿ ಅಂತ ನೀರೇ ಕೊಡದವರನ್ನು ನಾನು ಕಂಡಿದ್ದೇನೆ. ನಮ್ಮ ಬಳ್ಳಾರಿ ಬಿಸಿಲಿನಲ್ಲಿ ಇದು ಜೀವಕ್ಕೇ ಕುತ್ತು. ಲಕ್ವ ಆದ ಹಲವರಿಗೆ ನುಂಗುವುದೂ ಕಷ್ಟ, ಚಮಚ ಚಮಚವಾಗಿ ಉಣಿಸಬೇಕು. ಅವಸರದಲ್ಲಿ ತಟ್ಟೆ ಎತ್ತಿಕೊಂಡು ಹೋದರೆ ಸೊರಗದೆ ಇರ್ತಾಳಾ? ಕಾಯಿಲೆಯಿಂದಲೂ ತೂಕ ಇಳಿಯಬಹುದು, ಅದನ್ನು ಡಾಕ್ಟರ್ ಹೇಳಲಿ. ಹಗಲೆಲ್ಲ ಮಂಪರಿನಲ್ಲಿದ್ದರೆ ಯಾವ ಮಾತ್ರೆ ಕೊಡುತ್ತಿದ್ದಾರೆ ಅಂತ ಚೀಟಿ ಕೇಳು.

ಆಯಾ ಹೊರಗೆ ಹೋದ ಮೇಲೆ ಅವ್ವನನ್ನು ಮಾತಾಡಿಸು. ‘ಹೊಡೆದ್ರಾ?’ ಅಂತ ನೀನೇ ಬಾಯಿಗೆ ಮಾತು ಹಾಕಬೇಡ. ‘ರಾತ್ರಿ ಬಾಯಾರಿದರೆ ಏನ್ ಮಾಡ್ತೀ ಅವ್ವ?’ ಅಂತ ಕೇಳಿ ಸುಮ್ಮನೆ ಕೂತುಕೋ. ಹೇಳಲು ಅವಳಿಗೆ ಹೊತ್ತು ಬೇಕು.

ಅಣ್ಣನ ಹೆದರಿಕೆ ಸುಳ್ಳಲ್ಲ. ಅದಕ್ಕೇ ಮೊದಲು ಅವ್ವನನ್ನು ಹೊರಗೆ ತರಬೇಕು, ದೂರು ಆಮೇಲೆ. ಗೆರೆಯ, ಹುಣ್ಣಿನ ಫೋಟೋ ತೆಗೆದು ತಾರೀಖು ಬರೆದಿಡು. ಹುಣ್ಣು ಕಂಡರೆ ಮ್ಯಾನೇಜರ್ ಜೊತೆ ವಾದಕ್ಕೆ ನಿಲ್ಲಬೇಡ. ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಿ. ಕೈ ಕಟ್ಟಿದ ಅನುಮಾನ ಇದೆ ಅಂತ ಡಾಕ್ಟರಿಗೆ ಬಾಯಿಬಿಟ್ಟು ಹೇಳಿ, ಗಾಯಗಳನ್ನು ದಾಖಲಿಸಿ ಅಂತ ಕೇಳು. ಬಿಟ್ಟುಕೊಡದೆ ತಡೆದರೆ ಅಲ್ಲಿಂದಲೇ 112ಕ್ಕೆ ಫೋನ್ ಮಾಡು. ಹಿರಿಯರ ಸಹಾಯವಾಣಿ 14567, ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ ಸಿಗುತ್ತದೆ, ದುಡ್ಡಿಲ್ಲ. ದೂರು ಬರೆಯಲು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗು, ಅದರ ಸಹಾಯವಾಣಿ 15100. ಹೆಣ್ಣುಮಕ್ಕಳಿಗೆ ಆದಾಯ ನೋಡದೆ ಅಲ್ಲಿ ವಕೀಲರನ್ನು ಉಚಿತವಾಗಿ ಕೊಡುತ್ತಾರೆ.

ಹೋಗುವಾಗ ಅಣ್ಣನನ್ನೂ ಕರೆದುಕೊಂಡು ಹೋಗು. ಅವ್ವನನ್ನು ತಿರುಗಿಸಿ ಹಿಡಿಯಲು ಇನ್ನೊಬ್ಬರು ಬೇಕೇ ಬೇಕು. ಆ ಬೆನ್ನನ್ನು ಅವನೂ ನೋಡಲಿ.