ಸೋಲಿಸುವವರು ಬೇಕು

ಪತ್ರ: “ಮಗನಿಗೆ ಹದಿನೈದು ವರ್ಷ, ಬಲಗೈ ಆಟಗಾರ. ಶಿರಸಿಯಲ್ಲಿ ಅವನ ಓರಗೆಯವರು ಯಾರೂ ಅವನನ್ನು ಸೋಲಿಸುವುದಿಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿ ಬ್ಯಾಡ್ಮಿಂಟನ್ ಸಿಂಗಲ್ಸನ್ನೇ ವೃತ್ತಿ ಮಾಡಿಕೊಳ್ಳುತ್ತೇನೆ, ಬೆಂಗಳೂರಿಗೆ ಕಳಿಸಿ ಎನ್ನುತ್ತಾನೆ. ಪ್ರಕಾಶ್ ಪಡುಕೋಣೆಯವರು ಮದುವೆ ಛತ್ರದಲ್ಲಿ ಆಡಿಯೇ ಮೇಲೆ ಬಂದವರಲ್ಲವೇ? ಊರಲ್ಲೇ ಇದ್ದು ಏಕೆ ಆಗದು? ಈ ಆಟದಲ್ಲಿ ಅನ್ನವಿದೆಯೇ?”
— ಹೆಸರು ಬೇಡವೆಂದಿರುವ ಅಡಿಕೆ ಬೆಳೆಗಾರರು, ಶಿರಸಿ ತಾಲ್ಲೂಕು

ಸಂಪಾದಕರ ಉತ್ತರ:

ನಮಸ್ಕಾರ. ‘ಯಾರೂ ಅವನನ್ನು ಸೋಲಿಸುವುದಿಲ್ಲ’ ಎಂದು ನೀವು ಹೆಮ್ಮೆಯಿಂದ ಬರೆದಿದ್ದೀರಿ. ಇಡೀ ಪತ್ರದಲ್ಲಿ ನನ್ನನ್ನು ಅಳುಕಿಸಿದ ಸಾಲು ಅದೇ.

ಛತ್ರದ ಕಥೆ ನಿಜ. ಮಲ್ಲೇಶ್ವರದ ಕೆನರಾ ಯೂನಿಯನ್ ಸಭಾಂಗಣದಲ್ಲಿ ಮದುವೆಯಿಲ್ಲದ ದಿನ ನೋಡಿಕೊಂಡು ಪ್ರಕಾಶ್ ಆಡುತ್ತಿದ್ದರು. 1971ರಲ್ಲಿ ರಾಷ್ಟ್ರೀಯ ಚಾಂಪಿಯನ್ ಆದವರು 1979ರವರೆಗೆ ಆ ಪಟ್ಟ ಬಿಟ್ಟುಕೊಡಲಿಲ್ಲ. 1980ರಲ್ಲಿ ಇಂಡೋನೇಷ್ಯಾದ ಲಿಯೆಮ್ ಸ್ವೀ ಕಿಂಗ್ ಅವರನ್ನು ಮಣಿಸಿ, ಬ್ಯಾಡ್ಮಿಂಟನ್ನಿನ ಹಳೆಯ ದೊಡ್ಡ ಟೂರ್ನಿಯಾದ ಆಲ್ ಇಂಗ್ಲೆಂಡ್ ಗೆದ್ದರು. ಕಥೆ ಹೇಳುವವರು ಸಾಮಾನ್ಯವಾಗಿ ಇಲ್ಲಿಗೇ ಮುಗಿಸಿ ಚಪ್ಪಾಳೆ ಹೊಡೆಸುತ್ತಾರೆ. ಅದಾದ ಮೇಲೆ ಅವರು ಡೆನ್ಮಾರ್ಕಿಗೆ ಹೋಗಿ ಅಲ್ಲಿದ್ದು ಆಡಿದರು ಎಂಬುದನ್ನು ಬಿಟ್ಟುಬಿಡುತ್ತಾರೆ. ದಿನ ಬೆಳಗಾದರೆ ತನ್ನ ಸಮಕ್ಕೆ ನಿಂತು ಆಡುವವರು ಅಲ್ಲಿದ್ದರು, ಇಲ್ಲಿರಲಿಲ್ಲ. ಮುಂದೆ 1994ರಲ್ಲಿ ಬೆಂಗಳೂರಿನಲ್ಲಿ ಅವರ ಅಕಾಡೆಮಿ ಶುರುವಾಯಿತು. ಅಲ್ಲಿ ಪಳಗಿದ ಪುಲ್ಲೇಲ ಗೋಪಿಚಂದ್ 2001ರಲ್ಲಿ ಅದೇ ಆಲ್ ಇಂಗ್ಲೆಂಡ್ ಗೆದ್ದರು. ನಮ್ಮ ಜಿಲ್ಲೆಯಲ್ಲಿ ಛತ್ರಗಳಿಗೇನೂ ಬರವಿಲ್ಲ. ಬರವಿರುವುದು ನಿಮ್ಮ ಮಗನನ್ನು ಬೆವರಿಳಿಸುವ ಹುಡುಗರಿಗೆ.

ಅವನ ಎಡಗಾಲಿನ ಬೂಟನ್ನು ಒಮ್ಮೆ ಕೈಗೆತ್ತಿಕೊಂಡು ನೋಡಿ. ನೆಟ್ಟಿನ ಬುಡದಲ್ಲಿ ಬೀಳುವ ಷಟಲಿಗೆ ಬಲಗೈ ಆಟಗಾರ ಬಲಗಾಲು ಚಾಚಿ ಬಾಗುತ್ತಾನೆ. ಆಗ ಹಿಂದಿನ ಎಡಗಾಲು ಹೆಬ್ಬೆರಳಿನ ಒಳಬದಿಯನ್ನು ನೆಲಕ್ಕೆ ಉಜ್ಜುತ್ತ ಎಳೆದುಕೊಂಡು ಬರುತ್ತದೆ. ಮೂಲೆಯಿಂದ ಮೂಲೆಗೆ ಓಡಿಸುವ ಎದುರಾಳಿ ಸಿಕ್ಕವನ ಬೂಟು ಮೊದಲು ಸವೆಯುವುದು ಅಲ್ಲಿ. ಆ ಜಾಗ ಹೊಸದರ ಹಾಗೇ ಇದ್ದರೆ ಅವನನ್ನು ಇನ್ನೂ ಯಾರೂ ಸರಿಯಾಗಿ ಓಡಿಸಿಲ್ಲ ಎಂದೇ ತಿಳಿಯಿರಿ. ಅರ್ಧ ಅಂಕಣದಲ್ಲಿ ಎದ್ದು ಬರುವ ಷಟಲನ್ನು ಬಾರಿಸಿ ಗೆಲ್ಲುತ್ತಿದ್ದಾನೆ ಅಷ್ಟೇ. ಮೇಲಿನ ಮಟ್ಟದಲ್ಲಿ ಅಂಥ ಷಟಲನ್ನು ಯಾರೂ ಪುಕ್ಕಟೆ ಕೊಡುವುದಿಲ್ಲ.

ಇನ್ನು ಅನ್ನದ ಮಾತು. ವಿಶ್ವ ಶ್ರೇಯಾಂಕ ಸಿಗುವುದು 52 ವಾರಗಳಲ್ಲಿ ಆಡಿದ ಟೂರ್ನಿಗಳ ಪೈಕಿ ಅತ್ಯುತ್ತಮ ಹತ್ತರ ಅಂಕ ಕೂಡಿಸಿ. ಶ್ರೇಯಾಂಕವಿದ್ದರೆ ದೊಡ್ಡ ಟೂರ್ನಿಗೆ ಪ್ರವೇಶ, ಹಣವಿರುವುದೂ ಅಲ್ಲೇ. ಕೆಳಗಿನ ಹಂತದಲ್ಲಿ ಗೆದ್ದು ಬಂದರೂ ವಿಮಾನದ ಖರ್ಚು ಹುಟ್ಟುವುದು ಕಷ್ಟ. ಗರಿಯ ಷಟಲಿನ ಒಳ್ಳೆಯ ಡಬ್ಬಿಯೊಂದು ಸಾವಿರ ರೂಪಾಯಿ ದಾಟುತ್ತದೆ, ಅಭ್ಯಾಸಕ್ಕೆ ಅದು ನೀರಿನಂತೆ ಖರ್ಚಾಗುತ್ತದೆ. ಅಡಿಕೆ ಸಸಿ ನೆಟ್ಟರೆ ಇಷ್ಟು ವರ್ಷಕ್ಕೆ ಫಸಲು ಎಂಬ ಅಂದಾಜು ನಿಮಗಿರುತ್ತದೆ, ಇಲ್ಲಿ ಅದೂ ಇಲ್ಲ. ರೈಲ್ವೆ, ತೈಲ ಕಂಪನಿಗಳ ಕ್ರೀಡಾ ಕೋಟಾದ ನೌಕರಿಯೇ ಅನೇಕರಿಗೆ ಆಸರೆ. ಅದನ್ನು ಕೀಳಾಗಿ ಕಾಣಬೇಡಿ.

ಹಾಗೆಂದು ಬೇಡವೆನ್ನಲೇ? ನಮ್ಮ ದೇಶದ ಸಿಂಗಲ್ಸ್ ಆಟಗಾರ ಎಚ್.ಎಸ್. ಪ್ರಣಯ್ ಅವರನ್ನು ನೋಡಿ. 2017ರಲ್ಲಿ ಅಮೆರಿಕ ಓಪನ್ ಗೆದ್ದರು. ಅದರ ನಂತರದ ಅಂತರರಾಷ್ಟ್ರೀಯ ಸಿಂಗಲ್ಸ್ ಪ್ರಶಸ್ತಿ ಬಂದದ್ದು 2023ರ ಮೇ ತಿಂಗಳಲ್ಲಿ, ಮಲೇಷ್ಯಾ ಮಾಸ್ಟರ್ಸ್‌ನಲ್ಲಿ. ಅದೇ ಆಗಸ್ಟಿನಲ್ಲಿ ಕೋಪನ್‌ಹೇಗನ್‌ನ ವಿಶ್ವ ಚಾಂಪಿಯನ್‌ಷಿಪ್‌ನ ಎಂಟರ ಘಟ್ಟದಲ್ಲಿ ಡೆನ್ಮಾರ್ಕಿನ ವಿಕ್ಟರ್ ಆಕ್ಸೆಲ್‌ಸೆನ್‌ರನ್ನು ಅವರ ದೇಶದಲ್ಲೇ ಸೋಲಿಸಿ ಕಂಚು ತಂದಾಗ ಅವರಿಗೆ 31. ನಡುವಿನ ಆರು ವರ್ಷ ಟೂರ್ನಿಯಿಂದ ಟೂರ್ನಿಗೆ ಸೋತು, ಚೀಲ ಕಟ್ಟಿಕೊಂಡು ಮತ್ತೆ ಹೊರಟರಲ್ಲ, ವೃತ್ತಿ ಎಂದರೆ ಹೆಚ್ಚುಪಾಲು ಅದೇ. 32 ಮಂದಿಯ ಟೂರ್ನಿಯಲ್ಲಿ ಮೊದಲ ಸುತ್ತಿಗೇ 16 ಮಂದಿ ಹೊರಬೀಳುತ್ತಾರೆ. ನಿಮ್ಮ ಮಗ ಈ ಲೆಕ್ಕವನ್ನು ಇನ್ನೂ ಕಂಡಿಲ್ಲ.

ಆದ್ದರಿಂದ ಈಗಲೇ ಬೆಂಗಳೂರಿನಲ್ಲಿ ಮನೆ ಹುಡುಕಬೇಡಿ. ಸದ್ಯಕ್ಕೆ ಭಾನುವಾರಗಳಂದು ಕಾರವಾರಕ್ಕೆ ಕರೆದೊಯ್ಯಿರಿ. ಕೈಗಾ, ನೌಕಾನೆಲೆಗಳ ದೆಸೆಯಿಂದ ನಾನಾ ಊರಿನವರು ಅಲ್ಲಿದ್ದಾರೆ, ವಯಸ್ಸಿನಲ್ಲಿ ಹಿರಿಯರಾದ ಗಟ್ಟಿ ಆಟಗಾರರು ಸಿಕ್ಕಾರು. ಪರೀಕ್ಷೆ ಮುಗಿದ ರಜೆಯಲ್ಲಿ ಬೆಂಗಳೂರಿನ ಶಿಬಿರವೊಂದಕ್ಕೆ ತಿಂಗಳ ಮಟ್ಟಿಗೆ ಕಳಿಸಿ. ಅವನಲ್ಲಿ ಪ್ರತಿಭೆ ಇದೆಯೇ ಎಂದು ತರಬೇತುದಾರರನ್ನು ಪೀಡಿಸಬೇಡಿ. ರಾತ್ರಿ ಫೋನು ಮಾಡಿದಾಗ ಇವತ್ತು ಯಾರಿಗೆ ಸೋತೆ, ಯಾವ ಮೂಲೆಯಲ್ಲಿ ಸಿಕ್ಕಿಬಿದ್ದೆ ಎಂದು ಮಗನನ್ನೇ ಕೇಳಿ. ಅದನ್ನು ಹುರುಪಿನಿಂದ ವಿವರಿಸತೊಡಗಿದರೆ ಕಳಿಸುವ ಯೋಚನೆ ಮಾಡಬಹುದು. ಅಂಕಣ ಸರಿಯಿಲ್ಲ, ಊಟ ಸರಿಯಿಲ್ಲ ಎಂದು ಶುರುವಿಟ್ಟರೆ ಶಿರಸಿಯಲ್ಲೇ ಪಿಯುಸಿಗೆ ಅರ್ಜಿ ಹಾಕಿಸಿ; ಸಂಜೆ ಆಡಿಕೊಂಡಿರಲಿ.